ಆಶ್ರಮಕ್ಕೆ ಲಕ್ಷ ರೂಪಾಯಿ ಕೊಡುವ ಮುಂಚೆ ಯಾವ ಕಾಗದ ಕೇಳಬೇಕು?

ಪ್ರಶ್ನೆ: ನಾನು ಆಳಂದ ತಾಲ್ಲೂಕಿನವ, ಹೈಸ್ಕೂಲ್ ಮಾಸ್ತರ. ನಮ್ಮಪ್ಪ ತೀರಿಕೊಂಡು ಬರುವ ಶ್ರಾವಣಕ್ಕ ವರ್ಷ ಆಗ್ತದ. ಅವರ ಹೆಸರಿನ ಮ್ಯಾಲ ಕಲಬುರಗಿ ಕಡೆಯ ಒಂದು ಅನಾಥ ಮಕ್ಕಳ ಆಶ್ರಮಕ್ಕ ಒಂದು ಲಕ್ಷ ರೂಪಾಯಿ ಕೊಡಬೇಕಂತ ಮನ್ಯಾಗ ಮಾತಾಗ್ಯದ. ಆಶ್ರಮದವರು ‘ಸರ್ಕಾರದ ನೋಂದಣಿ ಅದ, 80ಜಿ ಅದ, ಪೂರಾ ತೆರಿಗೆ ಮಾಫಿ’ ಅಂತಾರ. ಫೇಸ್‌ಬುಕ್‌ನಾಗ ನೋಡಿದ್ರ ಬರೇ ಹೊಗಳಿಕಿ. ಊರಾಗ ಕೇಳಿದ್ರ ಒಬ್ಬರು ಒಂದಂತಾರ, ಇನ್ನೊಬ್ಬರು ಇನ್ನೊಂದಂತಾರ. ದುಬೈನಾಗಿರೋ ತಮ್ಮ, ಅಮೆರಿಕದ ಪೌರತ್ವ ತಗೊಂಡ ಅಕ್ಕನ ಮಗ ಇಬ್ಬರೂ ರೊಕ್ಕ ಹಾಕ್ತೀವಿ ಅಂತಾರ. ನಂಬುವಂಥ ಮಾಹಿತಿ ಎಲ್ಲಿ ಸಿಗ್ತದ?

ಉತ್ತರ: ಸಂಸ್ಥೆ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಮೊದಲು ಪಕ್ಕಕ್ಕಿಡಿ. ಕರಪತ್ರ, ಫೇಸ್‌ಬುಕ್ ಪುಟ, ಸನ್ಮಾನದ ಫೋಟೊ, ಯಾರೋ ಗಣ್ಯರು ಭೇಟಿ ಕೊಟ್ಟ ಸುದ್ದಿ ಎಲ್ಲವೂ ಆ ಲೆಕ್ಕಕ್ಕೇ ಬರುತ್ತವೆ. ನಿಮಗೆ ಬೇಕಿರುವುದು, ತಪ್ಪಿದ್ದರೆ ದಂಡ ಬೀಳುತ್ತದೆ ಎಂದು ಗೊತ್ತಿದ್ದೂ ಅದೇ ಸಂಸ್ಥೆ ಬೇರೊಂದು ಕಚೇರಿಗೆ ಸಹಿ ಹಾಕಿ ಕೊಟ್ಟ ಕಾಗದ. ಅಂಥವು ನಾಲ್ಕೈದು ಇರುತ್ತವೆ. ಒಂದೊಂದೂ ಒಂದೇ ವಿಷಯಕ್ಕೆ ಸಾಕ್ಷಿ. ನೋಂದಣಿ ಪತ್ರ ಸಂಸ್ಥೆ ಇದೆ ಎಂದು ಹೇಳುತ್ತದೆ, ಮಕ್ಕಳು ಉಂಡರು ಎಂದು ಹೇಳುವುದಿಲ್ಲ. 80ಜಿ ಪತ್ರ (ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುವಂತೆ ಸಂಸ್ಥೆಗೆ ಕೊಡುವ ಅನುಮೋದನೆ) ತೆರಿಗೆಯ ಮಾತು ಹೇಳುತ್ತದೆ, ಆಶ್ರಮ ಚೆನ್ನಾಗಿದೆ ಎಂದಲ್ಲ. ಒಂದೇ ಕಾಗದ ಹಿಡಿದು ತೃಪ್ತಿಪಡದೆ, ಎರಡು ಮೂರನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡಬೇಕು. ಮೋಸವಿದ್ದರೆ ಹೆಚ್ಚಾಗಿ ಸಿಕ್ಕಿಬೀಳುವುದು ಅಲ್ಲೇ.

‘ಸರ್ಕಾರದ ನೋಂದಣಿ’ ಅಂದರೆ ಯಾವುದು?

ಈ ಮಾತಿಗೆ ಮೂರು ಅರ್ಥವಿದೆ. ಆಶ್ರಮ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿರಬಹುದು. ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಿಕೊಂಡ ಟ್ರಸ್ಟ್ ಆಗಿರಬಹುದು. 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್ನಿನ ಲಾಭರಹಿತ ಕಂಪನಿಯೂ ಆಗಿರಬಹುದು. ಯಾವುದು ಎಂದು ಮೊದಲೇ ಕೇಳಿ, ಏಕೆಂದರೆ ಮಾಹಿತಿ ಸಿಗುವ ಜಾಗ ಅದರಿಂದಲೇ ತೀರ್ಮಾನವಾಗುತ್ತದೆ.

ಸಂಘವಾದರೆ ನಿಮ್ಮ ಕೆಲಸ ಸ್ವಲ್ಪ ಸಲೀಸು. ಜಿಲ್ಲೆಯ ಸಹಕಾರ ಸಂಘಗಳ ಉಪ ನಿಬಂಧಕರೇ ಸಂಘಗಳ ಜಿಲ್ಲಾ ನೋಂದಣಾಧಿಕಾರಿ. ಸಂಘವು ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಯಾದಿಯನ್ನೂ ಲೆಕ್ಕಪತ್ರವನ್ನೂ ಅವರಿಗೆ ಸಲ್ಲಿಸಬೇಕು. ಗೋಡೆಗೆ ಚೌಕಟ್ಟು ಹಾಕಿ ನೇತುಹಾಕಿದ ನೋಂದಣಿ ಪತ್ರಕ್ಕಿಂತ ಈ ವಾರ್ಷಿಕ ಸಲ್ಲಿಕೆ ನೂರು ಪಾಲು ಮುಖ್ಯ. ಪತ್ರ ಒಮ್ಮೆ ಸಿಕ್ಕರೆ ಗೋಡೆಯ ಮೇಲೆ ಇದ್ದೇ ಇರುತ್ತದೆ, ಸಂಘ ಒಳಗೆ ಸತ್ತಿದ್ದರೂ. ‘ಹೋದ ವರ್ಷದ ಲೆಕ್ಕ ಸಲ್ಲಿಸಿದ ಸ್ವೀಕೃತಿ ತೋರಿಸ್ರಿ’ ಎಂದು ಕೇಳಿ. ನಾಲ್ಕೈದು ವರ್ಷ ಸಲ್ಲಿಸದೆ ಬಿಟ್ಟು, ಯಾವುದೋ ಅನುದಾನ ಬರುವ ಹೊತ್ತಿಗೆ ದಂಡ ಕಟ್ಟಿ ಒಟ್ಟಿಗೇ ಸಲ್ಲಿಸುವ ಸಂಘಗಳಿವೆ. ಅಂಥ ಲೆಕ್ಕ ವರ್ಷ ವರ್ಷ ಬರೆದದ್ದಲ್ಲ, ಒಂದೇ ವಾರದಲ್ಲಿ ಕೂತು ಬರೆದದ್ದು.

ಟ್ರಸ್ಟ್ ಆದರೆ ಕಷ್ಟ. ಪಕ್ಕದ ಸೊಲ್ಲಾಪುರದವರು ‘ಚಾರಿಟಿ ಕಮಿಷನರ್ ಕಚೇರಿಯಲ್ಲಿ ಕೇಳ್ರಿ’ ಅಂದಾರು. ಆ ವ್ಯವಸ್ಥೆ ಮಹಾರಾಷ್ಟ್ರದ್ದು. ನಮ್ಮಲ್ಲಿ ಎಲ್ಲ ಸಾರ್ವಜನಿಕ ಟ್ರಸ್ಟ್‌ಗಳಿಂದ ವರ್ಷಾ ವರ್ಷ ಲೆಕ್ಕ ಕೇಳುವ ಅಂಥ ಕಚೇರಿ ಇಲ್ಲ. ಮುಜರಾಯಿ ದೇವಸ್ಥಾನ, ವಕ್ಫ್ ಸಂಸ್ಥೆಗಳ ಮಾತು ಬೇರೆ, ಅವಕ್ಕೆ ಅವುಗಳದೇ ಇಲಾಖೆ, ಮಂಡಳಿ ಇವೆ. ಹಾಗಾಗಿ ಟ್ರಸ್ಟ್ ವಿಷಯದಲ್ಲಿ ನೀವು ನೆಚ್ಚಬೇಕಾದ್ದು ಆದಾಯ ತೆರಿಗೆಯ ಕಾಗದಗಳನ್ನೇ. ಟ್ರಸ್ಟ್ ಪತ್ರದ ನಕಲು ಕೇಳಿ, ಟ್ರಸ್ಟಿಗಳ ಹೆಸರು ಓದಿ. ಗಂಡ, ಹೆಂಡತಿ, ಮಗ, ಅಳಿಯ ಇಷ್ಟೇ ಇದ್ದರೆ ಅದು ಕಾನೂನಿಗೆ ವಿರುದ್ಧವೇನಲ್ಲ. ಆದರೆ ‘ಈ ಖರ್ಚು ಯಾಕೆ?’ ಎಂದು ಒಳಗಿನಿಂದ ಕೇಳುವವರು ಅಲ್ಲಿ ಯಾರೂ ಇಲ್ಲ ಎಂದು ತಿಳಿಯಿರಿ.

ನಮ್ಮ ಭಾಗದಲ್ಲಿ ಹಳೆಯ ಸಂಸ್ಥೆಗಳ ಕಾಗದ ನೋಡಿ ಸುಮ್ಮನೆ ಗಾಬರಿಯಾಗುವುದುಂಟು. ನಿಜಾಮರ ಕಾಲದ ಸಂಸ್ಥೆಯಾದರೆ 1350 ಫಸಲಿಯ ಹೈದರಾಬಾದ್ ಕಾಯ್ದೆಯಡಿ ನೋಂದಣಿಯಾಗಿರಬಹುದು. ಫಸಲಿ ಎಂಬುದು ಆ ಕಾಲದ ವರ್ಷದ ಲೆಕ್ಕ, ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. 2014ರ ನವೆಂಬರ್‌ಗಿಂತ ಮುಂಚಿನ ಕಾಗದದಲ್ಲಿ ‘ಗುಲಬರ್ಗಾ’ ಎಂದೇ ಇರುತ್ತದೆ. ಯಾದಗಿರಿ ಬೇರೆ ಜಿಲ್ಲೆಯಾದದ್ದೇ ಈಚೆಗೆ, ಹೀಗಾಗಿ ಶಹಾಪುರ, ಸುರಪುರದ ಹಳೆಯ ಸಂಘಗಳ ನೋಂದಣಿ ಗುಲಬರ್ಗಾ ಜಿಲ್ಲೆಯದು. ಇವು ಯಾವುವೂ ಸಂಶಯದ ಲಕ್ಷಣವಲ್ಲ.

ಮಕ್ಕಳ ಆಶ್ರಮಕ್ಕೆ ಬೇಕಾದ ಕಾಗದವೇ ಬೇರೆ

ನೀವು ಕೇಳಿದ್ದರಲ್ಲಿ ಈ ಕಾಗದದ ಮಾತೇ ಇಲ್ಲ. ಆದರೆ ಎಲ್ಲಕ್ಕಿಂತ ಮೊದಲು ಬೇಕಾದ್ದು ಇದೇ. ಅನಾಥ, ನಿರ್ಗತಿಕ ಮಕ್ಕಳನ್ನು ಇರಿಸಿಕೊಳ್ಳುವ ಯಾವುದೇ ಸಂಸ್ಥೆ, ಸರ್ಕಾರದ ಅನುದಾನ ಪಡೆಯಲಿ ಬಿಡಲಿ, 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿ ಮಾಡಿಸಬೇಕು. ಅದರ ಅವಧಿ ಐದು ವರ್ಷ. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಮಗು ಅಲ್ಲಿ ಉಳಿಯಬೇಕಾದರೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು. ಯಾರೋ ತಂದುಬಿಟ್ಟ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು.

ಇದನ್ನು ಪರಿಶೀಲಿಸುವ ಜಾಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಜಿಲ್ಲೆಯಲ್ಲಿ ನೋಂದಣಿಯಾದ ಮಕ್ಕಳ ಪಾಲನಾ ಸಂಸ್ಥೆಗಳ ಯಾದಿ ಅವರ ಬಳಿ ಇರುತ್ತದೆ. ಸಂಸ್ಥೆಯ ಹೆಸರು ಹೇಳಿ ನಾಲ್ಕು ಮಾತು ಕೇಳಿ: ನೋಂದಣಿ ಇದೆಯೇ, ಯಾವ ತಾರೀಖಿನವರೆಗೆ, ಎಷ್ಟು ಮಕ್ಕಳಿಗೆ ಅನುಮತಿ, ಈಗ ಎಷ್ಟು ಮಕ್ಕಳಿದ್ದಾರೆ. ಆಶ್ರಮದವರು 80 ಮಕ್ಕಳು ಅಂದು, ಘಟಕದವರು 25 ಅಂದರೆ, ಉಳಿದ 55 ಮಕ್ಕಳು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗುವತನಕ ರೊಕ್ಕ ಕೊಡಬೇಡಿ.

ಆ ಉತ್ತರ ಕೆಲವೊಮ್ಮೆ ಸಾದಾ ಇರುತ್ತದೆ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ತಂದೆತಾಯಿ ಮಕ್ಕಳನ್ನು ಓದಿಗೆಂದು ಬಿಟ್ಟು ಹೋಗಿರುತ್ತಾರೆ. ಅದು ಒಳ್ಳೆಯ ಕೆಲಸವೇ, ಮಠಗಳ ಪ್ರಸಾದ ನಿಲಯಗಳು ಈ ಭಾಗದಲ್ಲಿ ಬಹಳ ಕಾಲದಿಂದ ಮಾಡುತ್ತ ಬಂದದ್ದು. ಆದರೆ ಅದು ಹಾಸ್ಟೆಲ್, ಅನಾಥಾಶ್ರಮವಲ್ಲ. ಹಾಸ್ಟೆಲ್‌ಗೇ ಕೊಡುವ ಮನಸ್ಸಿದ್ದರೆ ಧಾರಾಳವಾಗಿ ಕೊಡಿ. ತಂದೆತಾಯಿ ಇರುವ ಮಕ್ಕಳನ್ನು ಅನಾಥರೆಂದು ತೋರಿಸಿ ಕೇಳುವವರಿಗೆ ಮಾತ್ರ ಕೊಡಬೇಡಿ.

ಫೇಸ್‌ಬುಕ್ ವಿಷಯ. ಪಾಲನೆ ರಕ್ಷಣೆ ಬೇಕಿರುವ ಮಗುವಿನ ಗುರುತು ಬಯಲು ಮಾಡುವ ಹೆಸರು, ವಿಳಾಸ, ಚಿತ್ರ ಪ್ರಕಟಿಸುವುದನ್ನು ಇದೇ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ ಬೀಳಬಹುದು. ಅಂದರೆ ಮಗುವಿನ ಮುಖ ತೋರಿಸಿ, ಹೆಸರು ಹಾಕಿ, ‘ಇವಳ ತಾಯಿ ಬಿಟ್ಟು ಹೋದಳು’ ಎಂದು ಬರೆದು ಚಂದಾ ಕೇಳುವ ಪುಟ ಎಷ್ಟು ಮನ ಕಲಕುತ್ತದೋ ಅಷ್ಟೇ ಕಾನೂನು ಮುರಿಯುತ್ತಿರುತ್ತದೆ. ನೀವೂ ಭೇಟಿಗೆ ಹೋದಾಗ ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಸ್ಟೇಟಸ್‌ಗೆ ಹಾಕಬೇಡಿ. ಫೋಟೊ ಬೇಡ ಎಂದು ತಡೆಯುವ ಮೇಲ್ವಿಚಾರಕರನ್ನು ಕಂಡರೆ ಬೇಸರವಲ್ಲ, ಸಮಾಧಾನ ಪಡಬೇಕು.

ವೃದ್ಧಾಶ್ರಮವಾಗಿದ್ದರೆ ಕೇಳಬೇಕಾದ್ದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ.

80ಜಿ ಪತ್ರದಲ್ಲಿ ನೋಡುವುದೇನು?

ಪ್ಯಾನ್ ಸಂಖ್ಯೆಯಿಂದ ಶುರು ಮಾಡಿ. ಹತ್ತು ಅಕ್ಷರಗಳಲ್ಲಿ ನಾಲ್ಕನೆಯದು ಪ್ಯಾನ್ ಯಾರದೆಂದು ಹೇಳುತ್ತದೆ. ‘ಟಿ’ ಇದ್ದರೆ ಟ್ರಸ್ಟ್, ‘ಎ’ ಇದ್ದರೆ ವ್ಯಕ್ತಿಗಳ ಕೂಟ (ಹಲವು ಸಂಘಗಳ ಪ್ಯಾನ್ ಹೀಗೆ ಇರುತ್ತದೆ), ‘ಸಿ’ ಇದ್ದರೆ ಕಂಪನಿ. ‘ಪಿ’ ಇದ್ದರೆ ಅದು ಒಬ್ಬ ವ್ಯಕ್ತಿಯ ಸ್ವಂತ ಪ್ಯಾನ್. ಸಂಸ್ಥೆಯ ರಸೀದಿಯ ಮೇಲೆ ಅಂಥ ಪ್ಯಾನ್ ಕಂಡರೆ ಮುಂದಿನದನ್ನು ಓದುವ ಅಗತ್ಯವೇ ಇಲ್ಲ.

ಬಹಳ ಮಂದಿ ಎಡವುವುದು ಹಳೆಯ ಪತ್ರದ ಮೇಲೆ. ಒಂದು ಕಾಲಕ್ಕೆ ಆಯುಕ್ತರು ಕೊಡುತ್ತಿದ್ದ 80ಜಿ ಪತ್ರ ರದ್ದಾಗುವತನಕ ನಡೆಯುತ್ತಿತ್ತು. 2021ರ ಏಪ್ರಿಲ್ 1ರಿಂದ ವ್ಯವಸ್ಥೆ ಬದಲಾಯಿತು. ಎಲ್ಲರೂ ಆನ್‌ಲೈನ್‌ನಲ್ಲಿ ಮತ್ತೆ ಅರ್ಜಿ ಹಾಕಬೇಕಾಯಿತು, ಅನುಮೋದನೆಗೆ ಐದು ವರ್ಷದ ಅವಧಿ ಬಂತು, ಹೊಸ ಸಂಸ್ಥೆಗಳಿಗೆ ಮೂರು ವರ್ಷದ ತಾತ್ಕಾಲಿಕ ಅನುಮೋದನೆ ಬಂತು. ಮರು ಅರ್ಜಿ ಹಾಕದೆ ಹಳೆಯ ಪತ್ರದ ಝೆರಾಕ್ಸನ್ನೇ ತೋರಿಸುತ್ತಿರುವವರು ಇನ್ನೂ ಇದ್ದಾರೆ, ಎಷ್ಟೋ ಸಲ ಮೋಸದಿಂದಲ್ಲ, ತಿಳಿಯದೆ. 2021ರ ನಂತರದ ಆದೇಶ ‘ಫಾರಂ 10ಎಸಿ’ ಅಥವಾ ‘10ಎಡಿ’ ರೂಪದಲ್ಲಿರುತ್ತದೆ. ಅದರಲ್ಲಿ 16 ಅಕ್ಷರಗಳ ವಿಶಿಷ್ಟ ನೋಂದಣಿ ಸಂಖ್ಯೆ ಇರುತ್ತದೆ, ಮೊದಲ ಹತ್ತು ಸಂಸ್ಥೆಯ ಪ್ಯಾನ್ ಆಗಿರಬೇಕು. ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬ ಸಾಲನ್ನು ಬೆರಳಿಟ್ಟು ಓದಿ. 2021ರಲ್ಲಿ ಹೊಸದಾಗಿ ಪಡೆದ ಬಹಳಷ್ಟು ಅನುಮೋದನೆಗಳ ಐದು ವರ್ಷ 2026ರ ಮಾರ್ಚ್ 31ಕ್ಕೆ ಮುಗಿಯುವಂಥವು. ಅದರ ನಂತರ ಕೊಡುವುದಾದರೆ ನವೀಕರಣದ ಆದೇಶವನ್ನೇ ಕೇಳಬೇಕು. 12ಎ ಎಂಬುದು ಸಂಸ್ಥೆಯ ಸ್ವಂತ ಆದಾಯಕ್ಕೆ ಸಿಗುವ ವಿನಾಯಿತಿ. ಅದಿದ್ದ ಮಾತ್ರಕ್ಕೆ ನಿಮಗೆ ತೆರಿಗೆ ಕಡಿತ ಸಿಗುವುದಿಲ್ಲ. ಆದೇಶವನ್ನು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿ ಪ್ಯಾನ್ ಹಾಕಿ ತಾಳೆ ನೋಡಬಹುದು.

(1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆ ಬರುವುದು 2026ರ ಏಪ್ರಿಲ್ 1ರಿಂದ. ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ. ಜನರ ಬಾಯಲ್ಲಿ 80ಜಿ ಎಂದೇ ಇರುವುದರಿಂದ ಇಲ್ಲಿ ಹಳೆಯ ಸಂಖ್ಯೆಗಳನ್ನೇ ಬಳಸಿದ್ದೇನೆ.)

ಇನ್ನು ‘ಪೂರಾ ತೆರಿಗೆ ಮಾಫಿ’. ಇಂಥ ಖಾಸಗಿ ಸಂಸ್ಥೆಗಳಿಗೆ ಕೊಟ್ಟ ಹಣದಲ್ಲಿ ಕಡಿತಕ್ಕೆ ಸಿಗುವುದು ಅರ್ಧ, ಅದೂ ನಿಮ್ಮ ಆದಾಯದ ಶೇ 10ರ ಮಿತಿಯೊಳಗೆ. ಬೇರೆ ಕಡಿತಗಳನ್ನೆಲ್ಲ ಕಳೆದ ಮೇಲೆ ನಿಮ್ಮ ಆದಾಯ ₹9 ಲಕ್ಷ ಎನ್ನೋಣ. ಶೇ 10 ಅಂದರೆ ₹90,000. ಒಂದು ಲಕ್ಷ ಕೊಟ್ಟರೂ ಲೆಕ್ಕಕ್ಕೆ ಬರುವುದು ₹90,000, ಅದರ ಅರ್ಧ ₹45,000 ಆದಾಯದಿಂದ ಕಡಿತ. ಶೇ 20ರ ಹಂತದಲ್ಲಿ ತೆರಿಗೆ ₹9,000, ಸೆಸ್ ₹360, ಒಟ್ಟು ಉಳಿಯುವುದು ₹9,360. ಇಷ್ಟೂ ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ಹೊಸ ಪದ್ಧತಿಯಲ್ಲಿ 80ಜಿ ಕಡಿತವೇ ಇಲ್ಲ. ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ ಕೊಟ್ಟರೆ ಶೇ 100 ಕಡಿತ ಸಿಗುತ್ತದೆ, ‘ಪೂರಾ ಮಾಫಿ’ ಎಂಬ ಮಾತು ಹುಟ್ಟಿದ್ದು ಬಹುಶಃ ಅಲ್ಲಿಂದ. ಅಲ್ಲಿಯೂ ಕೊಟ್ಟ ಹಣ ಆದಾಯದಿಂದ ಕಳೆಯುತ್ತದೆಯೇ ಹೊರತು ತೆರಿಗೆಯಿಂದಲ್ಲ.

‘ಲಕ್ಷಕ್ಕೆ ರಸೀದಿ ಕೊಡ್ತೀವಿ, ತೊಂಬತ್ತು ಸಾವಿರ ನಗದು ವಾಪಸ್’ ಎನ್ನುವವರು ಸಿಕ್ಕರೆ ಅಲ್ಲಿಂದಲೇ ಎದ್ದು ಬನ್ನಿ. 2025ರ ಜುಲೈನಲ್ಲಿ ಸುಳ್ಳು ಕಡಿತಗಳ ಮೇಲೆ ಆದಾಯ ತೆರಿಗೆ ಇಲಾಖೆ ದೇಶದ ಹಲವೆಡೆ ಶೋಧ ನಡೆಸಿತು, ಆ ಯಾದಿಯಲ್ಲಿ 80ಜಿ ಕೂಡ ಇತ್ತು. ಸಂಬಳದಾರರಿಗೆ ಇಂಥ ನೋಟಿಸು ಬಂದರೆ ಬಡ್ಡಿ, ದಂಡ ಎರಡೂ ಮೈಮೇಲೆ ಬರುತ್ತವೆ.

ಲೆಕ್ಕಪತ್ರ ಓದುವುದು

ಕೊನೆಯ ಮೂರು ವರ್ಷದ ಆಡಿಟ್ ವರದಿ ಕೇಳಿ. ಒಂದೇ ವರ್ಷದ್ದು ಸಾಲದು, ಒಂದು ವರ್ಷವನ್ನು ಚೆಂದ ಮಾಡಿ ತೋರಿಸುವುದು ಸುಲಭ. ವರದಿ ಕೈಗೆ ಬಂದ ಕೂಡಲೇ ಅಂಕಿಗಳಿಗೆ ಹೋಗಬೇಡಿ, ಲೆಕ್ಕ ಪರಿಶೋಧಕರ ಸಹಿಯ ಹತ್ತಿರ ‘ಯುಡಿಐಎನ್’ ಎಂಬ 18 ಅಕ್ಷರಗಳ ಸಂಖ್ಯೆ ಹುಡುಕಿ. 2019ರಿಂದ ಚಾರ್ಟರ್ಡ್ ಅಕೌಂಟೆಂಟ್ ಸಹಿ ಹಾಕುವ ಆಡಿಟ್ ವರದಿಗೆ ಇದು ಕಡ್ಡಾಯ. ಮೊದಲ ಎರಡಂಕಿ ಇಸವಿ, ಮುಂದಿನ ಆರು ಆ ಲೆಕ್ಕ ಪರಿಶೋಧಕರ ಸದಸ್ಯತ್ವ ಸಂಖ್ಯೆ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯಾದ ಐಸಿಎಐನ ಯುಡಿಐಎನ್ ಜಾಲತಾಣದಲ್ಲಿ ನಿಮ್ಮ ಹೆಸರು, ಮೊಬೈಲ್, ಇಮೇಲ್ ಕೊಟ್ಟು ಯಾರು ಬೇಕಾದರೂ ಪರಿಶೀಲಿಸಬಹುದು. ಸಂಖ್ಯೆ ಸಿಗದಿದ್ದರೆ, ಅಥವಾ ಅಲ್ಲಿ ಕಾಣುವ ಅಂಕಿಗೂ ನಿಮ್ಮ ಕೈಯಲ್ಲಿರುವ ಅಂಕಿಗೂ ಹೊಂದದಿದ್ದರೆ, ಆ ವರದಿ ಬರಿ ಟೈಪ್ ಮಾಡಿದ ಹಾಳೆ. ನಕಲಿ ಸೀಲು ಮಾಡಿಸುವುದು ಎಷ್ಟು ಸುಲಭ ಎಂದು ನಿಮಗೂ ಗೊತ್ತು.

ಆಮೇಲೆ ಊಟದ ಖರ್ಚು. ಆಶ್ರಮದಲ್ಲಿ 40 ಮಕ್ಕಳು, ಒಂದು ಮಗುವಿಗೆ ದಿನಕ್ಕೆ ಮೂರು ಹೊತ್ತಿಗೆ ₹80 ಎಂದು ಹಿಡಿಯಿರಿ. 40 ಸಲ 80 ಸಲ 365 ಅಂದರೆ ₹11,68,000. ಆಯ–ವ್ಯಯ ಪಟ್ಟಿಯಲ್ಲಿ ಊಟಕ್ಕೆ ₹3 ಲಕ್ಷ ಮಾತ್ರ ಇದ್ದರೆ ಎರಡು ಸಾಧ್ಯತೆ. ಒಂದು, ಅಕ್ಕಿ, ಜ್ವಾರಿ, ತೊಗರಿ ಬೇಳೆಯ ಚೀಲಗಳು ಭಕ್ತರಿಂದ ಬರುತ್ತವೆ, ಅದು ರೊಕ್ಕದ ಲೆಕ್ಕಕ್ಕೆ ಬಂದಿಲ್ಲ. ಹಾಗಿದ್ದರೆ ದಾಸ್ತಾನು ವಹಿ ಇರಲೇಬೇಕು, ತೋರಿಸಲು ಹೇಳಿ. ಇನ್ನೊಂದು, 40 ಮಕ್ಕಳಿಲ್ಲ. ಊಟಕ್ಕೆ ₹30 ಲಕ್ಷ ಬರೆದಿದ್ದರೆ ಪ್ರಶ್ನೆ ಉಲ್ಟಾ ಆಗುತ್ತದೆ, ಅಷ್ಟು ಉಂಡವರು ಯಾರು?

ಸಂಬಳದ ಸಾಲಿಗೆ ಬಂದರೆ ದಾನಿಗಳು ಸಾಮಾನ್ಯವಾಗಿ ತಪ್ಪು ದಿಕ್ಕಿನಲ್ಲಿ ಯೋಚಿಸುತ್ತಾರೆ. ‘ನಾವು ಒಂದು ರೂಪಾಯಿಯೂ ಸಂಬಳಕ್ಕೆ ಖರ್ಚು ಮಾಡಲ್ಲ’ ಎಂಬುದನ್ನು ಹೆಗ್ಗಳಿಕೆ ಎಂದು ಹೇಳಿಕೊಳ್ಳುವವರಿದ್ದಾರೆ, ಅದನ್ನು ಮೆಚ್ಚುವವರೂ ಇದ್ದಾರೆ. 40 ಮಕ್ಕಳನ್ನು ರಾತ್ರಿ ನೋಡಿಕೊಳ್ಳುವವರು, ಅಡುಗೆಯವರು, ಜ್ವರ ಬಂದರೆ ಆಸ್ಪತ್ರೆಗೆ ಒಯ್ಯುವವರು ಬೇಡವೇ? ಸಂಬಳದ ಸಾಲು ವರ್ಷಕ್ಕೆ ಒಂದು ಲಕ್ಷ ಎಂದಿದ್ದರೆ ದೊಡ್ಡ ಮಕ್ಕಳೇ ಚಿಕ್ಕವರನ್ನು ನೋಡಿಕೊಳ್ಳುತ್ತಾ ಅಡುಗೆ ಮಾಡುತ್ತಿದ್ದಾರೆಂದೇ ಅರ್ಥ. ನನಗೆ ಅದು ಮಿತವ್ಯಯವಾಗಿ ಕಾಣುವುದಿಲ್ಲ.

ಬಾಡಿಗೆ ಯಾರಿಗೆ ಹೋಗುತ್ತದೆ ನೋಡಿ. ಆಶ್ರಮದ ಕಟ್ಟಡ ಅಧ್ಯಕ್ಷರದೇ ಆಗಿದ್ದು, ಅವರಿಗೇ ಮಾರುಕಟ್ಟೆಗಿಂತ ಹೆಚ್ಚು ಬಾಡಿಗೆ ಹೋಗುತ್ತಿದ್ದರೆ ಅದು ತೆರಿಗೆ ಕಾನೂನು ಒಪ್ಪದ ಲಾಭ. ‘ಸಾಲ ಮತ್ತು ಮುಂಗಡ’ ಎಂಬ ಶೀರ್ಷಿಕೆಯಡಿ ಟ್ರಸ್ಟಿಯ ಹೆಸರಿದ್ದರೂ ಹಾಗೆಯೇ. ಮಾರ್ಚ್ 31ರಂದು ‘ಕೈಯಲ್ಲಿನ ನಗದು’ ಎಷ್ಟಿದೆ? ಚಿಕ್ಕ ಆಶ್ರಮದ ಕಪಾಟಿನಲ್ಲಿ ಐದು ಹತ್ತು ಸಾವಿರ ಇರಬಹುದು, ನಾಲ್ಕು ಲಕ್ಷ ಇರುವುದಿಲ್ಲ. ಪುಸ್ತಕದಲ್ಲಿ ಅಷ್ಟು ನಗದು ಉಳಿದಿದೆ ಅಂದರೆ ಹೆಚ್ಚಾಗಿ ಖರ್ಚಿನ ರಸೀದಿ ಇಲ್ಲದೆ ಹೋದ ಹಣವನ್ನು ಹಾಗೆ ತೋರಿಸಿರುತ್ತಾರೆ. ‘ಇತರೆ ಖರ್ಚು’ ಊಟದ ಖರ್ಚಿಗಿಂತ ದೊಡ್ಡದಿದ್ದರೆ ಅದರ ವಿವರ ಕೇಳಿ.

ಲೆಕ್ಕ ಕೇಳಿದರೆ ಅವರಿಗೆ ಬೇಜಾರಾದೀತು ಎಂಬ ಸಂಕೋಚ ನಮ್ಮ ಕಡೆ ಜಾಸ್ತಿ. ಚೆನ್ನಾಗಿ ನಡೆಸುವವರು ಬೇಜಾರಾಗುವುದಿಲ್ಲ, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳುವಾಗ ಇವೇ ಕಾಗದಗಳನ್ನು ಅವರು ಹತ್ತಾರು ಸಲ ಕೊಟ್ಟಿರುತ್ತಾರೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳಿಂದ ಅಂಥ ನೆರವು ಪಡೆದಿದ್ದೇವೆ ಅಂದರೆ ಸಿಎಸ್‌ಆರ್ ನೋಂದಣಿ ಸಂಖ್ಯೆಯನ್ನೂ ಕೇಳಿ, 2021ರಿಂದ ಅದಿಲ್ಲದೆ ಕಂಪನಿಯ ಹಣ ಪಡೆಯಲಾಗದು.

ಕಾಗದ ಕೊಡಲು ಒಪ್ಪದಿದ್ದರೆ, ಸಂಘವಾದ ಪಕ್ಷದಲ್ಲಿ ಮಾಹಿತಿ ಹಕ್ಕು ಇದೆ. ಸಂಘಗಳ ಜಿಲ್ಲಾ ನೋಂದಣಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ₹10ರ ಪೋಸ್ಟಲ್ ಆರ್ಡರ್ ಜೊತೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಇದನ್ನು ಮರೆತು ಎರಡು ಪುಟ ಬರೆದವರ ಅರ್ಜಿ ಅದೊಂದೇ ಕಾರಣಕ್ಕೆ ವಾಪಸ್ ಬರುತ್ತದೆ. ‘ಇಂಥ ನೋಂದಣಿ ಸಂಖ್ಯೆಯ ಸಂಘವು ಕೊನೆಯ ಮೂರು ವರ್ಷ ಸಲ್ಲಿಸಿದ ಲೆಕ್ಕಪತ್ರ ಹಾಗೂ ಆಡಳಿತ ಮಂಡಳಿ ಯಾದಿಯ ದೃಢೀಕೃತ ನಕಲು ಕೊಡಿ’ ಎಂಬಷ್ಟೇ ಸಾಕು. ಪುಟಕ್ಕೆ ₹2, ಅವಧಿ 30 ದಿನ. ಶ್ರಾವಣಕ್ಕೆ ಕೊಡಬೇಕೆಂದಿದ್ದರೆ ಜ್ಯೇಷ್ಠದಲ್ಲೇ ಅರ್ಜಿ ಹಾಕಿ.

ಅಂತರ್ಜಾಲದ ಪಟ್ಟಿಗಳ ಬೆಲೆ

ನೀತಿ ಆಯೋಗದ ‘ಎನ್‌ಜಿಒ ದರ್ಪಣ್’ನಲ್ಲಿ ಸಂಸ್ಥೆಯ ಹೆಸರಿದೆ ಎಂದು ತೋರಿಸುತ್ತಾರೆ. ಅಲ್ಲಿನ ವಿವರ ತುಂಬಿದ್ದು ಸಂಸ್ಥೆಯೇ, ಸರ್ಕಾರ ಅದಕ್ಕೆ ಜಾಮೀನು ನಿಂತಿಲ್ಲ. ಆದರೂ ಒಂದು ಉಪಯೋಗವಿದೆ: ಪದಾಧಿಕಾರಿಗಳ ಹೆಸರು, ನೋಂದಣಿ ಸಂಖ್ಯೆ, ಕೆಲಸದ ಕ್ಷೇತ್ರ ಅಲ್ಲಿರುತ್ತವೆ, ನಿಮ್ಮ ಕೈಯಲ್ಲಿರುವ ಕಾಗದದ ಜೊತೆ ತಾಳೆ ನೋಡಬಹುದು. ಗೈಡ್‌ಸ್ಟಾರ್ ಇಂಡಿಯಾ, ಗಿವ್‌ನಂಥ ವೇದಿಕೆಗಳು ಕಾಗದ ಪರೀಕ್ಷಿಸಿಯೇ ಸೇರಿಸಿಕೊಳ್ಳುತ್ತವೆ. ಆದರೆ ನಮ್ಮ ಭಾಗದ ಸಣ್ಣ ಸಂಸ್ಥೆಗಳು ಅಲ್ಲಿ ಕಾಣುವುದು ಅಪರೂಪ, ಕಾಣದಿದ್ದರೆ ಕೆಟ್ಟವೆಂದಲ್ಲ. ಅಮೆರಿಕದ ‘ಚಾರಿಟಿ ನ್ಯಾವಿಗೇಟರ್’ ಜಾಲತಾಣದ ಹೆಸರನ್ನು ನಿಮ್ಮ ಅಕ್ಕನ ಮಗ ಹೇಳಬಹುದು, ಅದು ಅಲ್ಲಿನ ಸಂಸ್ಥೆಗಳಿಗೆ.

ಹುಡುಕಾಟದಲ್ಲಿ ಮೊದಲು ಸಿಗುವ ಜಾಲತಾಣವೇ ಅಸಲಿ ಎಂದು ನಂಬುವುದು ಅಪಾಯ. ನಮ್ಮದೇ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನ ಮುಜರಾಯಿ ಇಲಾಖೆಯದು. ಅದರ ಹೆಸರಿನಲ್ಲಿ ನಕಲಿ ಜಾಲತಾಣ ತೆರೆದು ಭಕ್ತರಿಂದ ಹಣ ಪಡೆದ ಆರೋಪದ ಮೇಲೆ 2022ರಲ್ಲಿ ಪೊಲೀಸರಿಗೆ ದೂರು ಹೋಗಿತ್ತು. ಭೀಮಾ ನದಿಗೆ ನೆರೆ ಬಂದಾಗಲೂ ವಾಟ್ಸ್‌ಆ್ಯಪ್‌ನಲ್ಲಿ ಕ್ಯೂಆರ್ ಕೋಡ್‌ಗಳು ಹರಿದಾಡುತ್ತವೆ, ಒಂದು ಸಂದೇಶದ ಕೋಡ್ ಬದಲಿಸಿ ತನ್ನದು ಅಂಟಿಸಿ ಮುಂದೆ ಕಳಿಸಲು ಎರಡು ನಿಮಿಷ ಸಾಕು. ಹಣ ಕಳಿಸಿ ಮೋಸ ಹೋದದ್ದು ಗೊತ್ತಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಮೊದಲ ಕೆಲವು ಗಂಟೆಯಲ್ಲಿ ಹೇಳಿದರೆ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ರೊಕ್ಕ ಹೇಗೆ ಕೊಡುವುದು, ತಮ್ಮ ಮತ್ತು ಅಕ್ಕನ ಮಗನ ವಿಷಯ

ನಗದು ಬೇಡ. ₹2,000 ಮೀರಿದ ನಗದಿಗೆ 80ಜಿ ಕಡಿತ ಸಿಗುವುದಿಲ್ಲ, ಅಕ್ಕಿ, ಬಟ್ಟೆ, ಫ್ಯಾನು ಕೊಟ್ಟರೂ ಸಿಗುವುದಿಲ್ಲ. ಖಾತೆಯ ಹೆಸರು ನೋಂದಣಿ ಪತ್ರದಲ್ಲಿರುವ ಹೆಸರೇ ಆಗಿರಬೇಕು. ಯುಪಿಐನಲ್ಲಿ ಮೊದಲು ಒಂದು ರೂಪಾಯಿ ಹಾಕಿ, ಪರದೆಯಲ್ಲಿ ಬರುವ ಬ್ಯಾಂಕ್ ಹೆಸರು ನೋಡಿ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್ ಮಾಡುವಾಗಲೂ ಹಣ ಪಡೆಯುವವರ ಹೆಸರು ತೋರಿಸುವ ವ್ಯವಸ್ಥೆ ಬಂದಿದೆ. ‘ಸಂಸ್ಥೆಯ ಖಾತೆ ಫ್ರೀಜ್ ಆಗ್ಯದ, ಕಾರ್ಯದರ್ಶಿ ಖಾತೆಗೆ ಹಾಕ್ರಿ’ ಎಂಬ ಮಾತು ಬಂದರೆ ಹಾಕಬೇಡಿ.

ಗುಪ್ತದಾನ ಮಾಡುವ ಮನಸ್ಸು ನಮ್ಮ ಹಿರಿಯರಲ್ಲಿತ್ತು. ಫಲಕದ ಮೇಲೆ ಹೆಸರು ಬೇಡ ಎಂದರೆ ಸರಿ. ಆದರೆ ಸಂಸ್ಥೆಯ ವಹಿಯಲ್ಲಿ ಹೆಸರು, ವಿಳಾಸ, ಪ್ಯಾನ್ ಇರಬೇಕು. ಹೆಸರಿಲ್ಲದ ದೇಣಿಗೆ ಮಿತಿ ಮೀರಿದರೆ ಸಂಸ್ಥೆಯೇ ಶೇ 30 ತೆರಿಗೆ ಕಟ್ಟಬೇಕಾಗುತ್ತದೆ. ಹಾಗಾಗಿ ನಿಮ್ಮ ಪ್ಯಾನ್ ಕೇಳುವ ಸಂಸ್ಥೆ ಕಾನೂನು ಬಲ್ಲದ್ದು.

ದುಬೈನ ತಮ್ಮನ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ, ತನ್ನ ಸಂಪಾದನೆಯಿಂದ ಅನಿವಾಸಿ ಭಾರತೀಯರ ಎನ್‌ಆರ್‌ಇ ಖಾತೆಯಂಥ ಬ್ಯಾಂಕ್ ಮಾರ್ಗದಲ್ಲಿ ಕೊಡುವುದು ವಿದೇಶಿ ದೇಣಿಗೆಯಲ್ಲ. ಸಂಸ್ಥೆ ಪಾಸ್‌ಪೋರ್ಟ್ ನಕಲು ಕೇಳಬಹುದು, ಕೊಡಲಿ. ಅಕ್ಕನ ಮಗನದು ಬೇರೆ. ಪೌರತ್ವ ಅಮೆರಿಕದ್ದಾದ್ದರಿಂದ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಅವನ ಹಣ ವಿದೇಶಿ ದೇಣಿಗೆ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಹಣ ಮೊದಲು ಬರಬೇಕಾದ್ದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ. ಆ ಶಾಖೆಯ ಐಎಫ್‌ಎಸ್‌ಸಿ ಎಸ್‌ಬಿಐಎನ್0000691. ಕಲಬುರಗಿಯ ಶಾಖೆಯ ಖಾತೆ ಸಂಖ್ಯೆ ಕೊಟ್ಟು ‘ಇದೇ ನಮ್ಮ ಎಫ್‌ಸಿಆರ್‌ಎ ಖಾತೆ, ನೇರ ಇದಕ್ಕೇ ಕಳಿಸ್ರಿ’ ಅಂದರೆ ಅದು ತಪ್ಪು. ‘ಮಾಮಾ, ನಿನ್ನ ಖಾತೆಗೆ ಹಾಕ್ತೀನಿ, ನಿನ್ನ ಹೆಸರಿಲೆ ಕೊಟ್ಟುಬಿಡು’ ಎಂದು ಅವನು ಹೇಳಿಯಾನು. ಒಪ್ಪಬೇಡಿ, ತೊಂದರೆಗೆ ಸಿಕ್ಕಿಕೊಳ್ಳುವುದು ನೀವು ಮತ್ತು ಆಶ್ರಮ. ಎಫ್‌ಸಿಆರ್‌ಎ ಇರುವ ಬೇರೆ ಸಂಸ್ಥೆಗೆ ಅವನು ಕೊಡಲಿ.

ಅಪ್ಪನ ಪುಣ್ಯತಿಥಿಗೆ ಪ್ರತಿ ವರ್ಷ ಊಟ ಹಾಕಿಸಬೇಕೆಂದು ‘ಶಾಶ್ವತ ನಿಧಿ’ಗೆ (ಕಾರ್ಪಸ್) ಕೊಡುವ ಆಲೋಚನೆ ಇದ್ದರೆ, ಹಣದ ಜೊತೆ ಪತ್ರ ಕೊಡಬೇಕು: ‘ಈ ₹1,00,000 ಕಾರ್ಪಸ್ ನಿಧಿಗೆ. ಅಸಲು ಮುಟ್ಟದೆ ಬಡ್ಡಿಯಿಂದ ಮಕ್ಕಳ ಊಟಕ್ಕೆ ಬಳಸಬೇಕು.’ ಈ ಪತ್ರವಿಲ್ಲದಿದ್ದರೆ ಅದು ಸಾದಾ ದೇಣಿಗೆಯಾಗಿ ಅದೇ ವರ್ಷ ಖರ್ಚಾಗುತ್ತದೆ, ಅದರಲ್ಲಿ ಸಂಸ್ಥೆಯ ತಪ್ಪೇನೂ ಇಲ್ಲ, ಆದಾಯದ ಶೇ 85 ಆ ವರ್ಷವೇ ಬಳಸಬೇಕೆಂಬ ನಿಯಮ ಅವರಿಗಿದೆ. ಶೇ 6.5 ಬಡ್ಡಿಯಾದರೆ ವರ್ಷಕ್ಕೆ ₹6,500. 40 ಮಕ್ಕಳಿಗೆ ಹೋಳಿಗೆ ಊಟಕ್ಕೆ ತಲೆಗೆ ₹100 ಹಿಡಿದರೂ ₹4,000, ಇವತ್ತಿಗೆ ಸಾಕು. ಹದಿನೈದು ವರ್ಷದ ನಂತರ ಬೆಲೆ ಏರಿರುತ್ತದೆ, ಬಡ್ಡಿ ಅಷ್ಟೇ ಇರುತ್ತದೆ. ಫಲಕ ಉಳಿದು ಊಟ ನಿಂತುಹೋದ ಶಾಶ್ವತ ನಿಧಿಗಳು ಹಳೆಯ ಮಠ, ಶಾಲೆಗಳಲ್ಲಿ ಬೇಕಾದಷ್ಟಿವೆ. ನನ್ನ ಒಲವು ಸಾದಾ ದೇಣಿಗೆಯ ಕಡೆಗೆ, ಈ ವರ್ಷದ ಒಂದು ಗೊತ್ತಾದ ಕೆಲಸಕ್ಕೆ.

ಕೊಡುವುದನ್ನು ಎರಡು ಕಂತು ಮಾಡಿ. ಈ ಹಣಕಾಸು ವರ್ಷದಲ್ಲಿ ₹50,000, ಉಳಿದದ್ದು ಮುಂದಿನ ವರ್ಷ. ತೆರಿಗೆಯ ಲೆಕ್ಕದಲ್ಲೂ ಇದು ಲಾಭ: ಶೇ 10ರ ಮಿತಿ ವರ್ಷಕ್ಕೊಂದು ಸಲ ಸಿಗುವುದರಿಂದ ಮೇಲೆ ಹೇಳಿದ ₹9 ಲಕ್ಷದ ಆದಾಯಕ್ಕೆ ಒಂದೇ ಸಲ ಕೊಟ್ಟರೆ ಕಡಿತ ₹45,000, ಎರಡು ಸಲ ಕೊಟ್ಟರೆ ₹25,000ದಂತೆ ₹50,000. ಅದಕ್ಕಿಂತ ಮುಖ್ಯವಾಗಿ, ಮೊದಲ ಕಂತು ಕೊಟ್ಟ ಮೇಲೆ ಸಂಸ್ಥೆ ಏನು ಮಾಡುತ್ತದೆ ಎಂಬುದೇ ನಿಮಗೆ ಸಿಗುವ ಅತ್ಯಂತ ಖಚಿತ ಮಾಹಿತಿ. ಕೈಬರಹದ ರಸೀದಿ ಕೂಡಲೇ ಕೊಡುತ್ತಾರೆ, ತೆರಿಗೆಗೆ ಅದು ಸಾಲದು. ಹಣಕಾಸು ವರ್ಷ ಮುಗಿದ ಮೇಲೆ ಮೇ 31ರೊಳಗೆ ಸಂಸ್ಥೆ ದಾನಿಗಳ ವಿವರವನ್ನು 10ಬಿಡಿ ಫಾರಂನಲ್ಲಿ ಇಲಾಖೆಗೆ ಸಲ್ಲಿಸಬೇಕು, ಆಮೇಲೆ ಇಲಾಖೆಯ ಜಾಲತಾಣದಿಂದಲೇ ಹೊರಬರುವ 10ಬಿಇ ಪ್ರಮಾಣಪತ್ರವನ್ನು ನಿಮಗೆ ಕೊಡಬೇಕು. ತಡವಾದರೆ ಅವರಿಗೆ ದಿನಕ್ಕೆ ₹200 ಶುಲ್ಕ. ಆ ಪತ್ರದಲ್ಲಿ ನಿಮ್ಮ ಪ್ಯಾನ್, ಮೊತ್ತ ಸರಿಯಿದೆಯೇ ನೋಡಿ, ಒಂದು ಅಂಕಿ ತಪ್ಪಿದರೂ ರಿಟರ್ನ್ ತುಂಬುವಾಗ ಹೊಂದುವುದಿಲ್ಲ, ತಿದ್ದಿ ಮತ್ತೆ ಸಲ್ಲಿಸಲು ಅವರಿಗೇ ಹೇಳಬೇಕು. ಜೂನ್ ಅರ್ಧ ಕಳೆದರೂ 10ಬಿಇ ಬರದಿದ್ದರೆ ಫೋನ್ ಮಾಡಿ ಕೇಳಿ. ‘ಆಡಿಟರ್ ಊರಾಗಿಲ್ರೀ’ ಎಂಬ ಉತ್ತರ ಜುಲೈನಲ್ಲೂ ಬಂದರೆ ಎರಡನೆಯ ಕಂತು ಬೇರೆ ಸಂಸ್ಥೆಗೆ ಹೋಗಲಿ.